ಸ್ಕ್ರೀನ್ ಮೇಲೆ ಚುಕ್ಕಿ ಕಂಡರೆ: ಪಿಕ್ಸೆಲ್ ಪರೀಕ್ಷೆ, ಗುರುತು, ದುರಸ್ತಿ

ಹೊಸ ಮಾನಿಟರ್, ಲ್ಯಾಪ್‌ಟಾಪ್ ಅಥವಾ ಟಿವಿ ಮನೆಗೆ ಬಂದ ದಿನವೇ ಪಿಕ್ಸೆಲ್ (ಚಿತ್ರ ಮೂಡಿಸುವ ಅತಿ ಸಣ್ಣ ಚುಕ್ಕಿ) ಪರೀಕ್ಷೆ ಮುಗಿಸಿಬಿಡಬೇಕು. ತಡಮಾಡಿದರೆ ಹಿಂದಿರುಗಿಸುವ ಗಡುವು ದಾಟುತ್ತದೆ. ಅವಸರಪಟ್ಟು ಬೆರಳಿನಿಂದ ಒತ್ತಿ ಸರಿಮಾಡಲು ಹೋದರೆ ವಾರಂಟಿಯೇ ಕೈತಪ್ಪುತ್ತದೆ. ಆದ್ದರಿಂದ ಕೆಲಸದ ಕ್ರಮ ಮುಖ್ಯ. ಮೊದಲು ಸ್ಕ್ರೀನ್ ಒರೆಸಿ. ಆಮೇಲೆ ಬಣ್ಣಗಳನ್ನು ಹಾಕಿ ನೋಡಿ. ಚುಕ್ಕಿ ಯಾವ ಜಾತಿಯದು ಎಂದು ಗುರುತಿಸಿ, ಫೋಟೊ ತೆಗೆದು, ಮಾರಿದವರಿಗೆ ತಿಳಿಸಿ. ಬದಲಿ ಸಿಗುವ ದಾರಿಗಳೆಲ್ಲ ಮುಚ್ಚಿದ ಮೇಲೆ ಮಾತ್ರ ದುರಸ್ತಿಗೆ ಕೈಹಾಕಿ.

ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯ ಅಂಗಡಿಯಲ್ಲಿ ಕೊಂಡರೂ, ಆನ್‌ಲೈನಿನಲ್ಲಿ ತರಿಸಿದರೂ, ಧಾರವಾಡದಲ್ಲಿ ಓದು ಮುಗಿಸಿ ಊರಿಗೆ ಹೊರಟ ವಿದ್ಯಾರ್ಥಿಯಿಂದ ಹಳೇ ಲ್ಯಾಪ್‌ಟಾಪ್ ತೆಗೆದುಕೊಂಡರೂ ಪರೀಕ್ಷೆ ಇದೇ. ಹಳೇ ಮಾಲಿನ ವಿಷಯದಲ್ಲಿ ಒಂದೇ ವ್ಯತ್ಯಾಸ: ದುಡ್ಡು ಕೊಡುವ ಮೊದಲೇ ನೋಡಬೇಕು.

ಒಂದು ಪಿಕ್ಸೆಲ್ ಅಂದರೆ ಎಷ್ಟು?

ಫುಲ್ ಎಚ್‌ಡಿ ಸ್ಕ್ರೀನಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಪಿಕ್ಸೆಲ್‌ಗಳಿರುತ್ತವೆ. ಎಲ್‌ಸಿಡಿಯಲ್ಲಿ, ಅಂದರೆ ಹಿಂದಿನ ದೀಪದ ಬೆಳಕನ್ನು ತಡೆದು, ಬಿಟ್ಟು ಚಿತ್ರ ಮೂಡಿಸುವ ಸ್ಕ್ರೀನಿನಲ್ಲಿ, ಪ್ರತಿ ಪಿಕ್ಸೆಲ್ ಒಳಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಸಬ್‌ಪಿಕ್ಸೆಲ್‌ಗಳು, ಪ್ರತಿ ಸಬ್‌ಪಿಕ್ಸೆಲ್‌ಗೂ ತನ್ನದೇ ಒಂದು ಟ್ರಾನ್ಸಿಸ್ಟರ್. ಅಂದರೆ ಒಂದೇ ಗಾಜಿನ ಮೇಲೆ 62 ಲಕ್ಷಕ್ಕೂ ಹೆಚ್ಚು ಸ್ವಿಚ್‌ಗಳು. 4ಕೆ ಟಿವಿಯಲ್ಲಿ ಈ ಸಂಖ್ಯೆ ಎರಡೂವರೆ ಕೋಟಿಯ ಹತ್ತಿರ ಹೋಗುತ್ತದೆ. ಇಷ್ಟರಲ್ಲಿ ಒಂದೆರಡು ಕೈಕೊಡುವುದು ಅಪರೂಪವೇನಲ್ಲ.

24 ಇಂಚಿನ ಫುಲ್ ಎಚ್‌ಡಿ ಮಾನಿಟರಿನಲ್ಲಿ ಒಂದು ಪಿಕ್ಸೆಲ್ ಸುಮಾರು 0.28 ಮಿಲಿಮೀಟರ್ ಇರುತ್ತದೆ. 15.6 ಇಂಚಿನ ಲ್ಯಾಪ್‌ಟಾಪಿನಲ್ಲಿ ಸುಮಾರು 0.18. ಮೊಬೈಲಿನಲ್ಲಿ 0.06ರ ಆಸುಪಾಸು. ಹೀಗಾಗಿ ಮಾನಿಟರಿನ ಒಂದು ಕೆಟ್ಟ ಪಿಕ್ಸೆಲ್ ಒಂದಡಿ ದೂರದಿಂದ ಬರಿಗಣ್ಣಿಗೆ ಕಾಣುತ್ತದೆ, ಮೊಬೈಲಿನದು ಹುಡುಕಿದರೂ ಸುಲಭಕ್ಕೆ ಸಿಗುವುದಿಲ್ಲ. 32 ಇಂಚಿನ ಎಚ್‌ಡಿ ರೆಡಿ ಟಿವಿಯಲ್ಲಿ ಪಿಕ್ಸೆಲ್ ಅರ್ಧ ಮಿಲಿಮೀಟರ್ ದಪ್ಪ ಇರುವುದರಿಂದ ಮಂಚದ ಮೇಲೆ ಕೂತವರಿಗೂ ಎದ್ದು ಕಾಣಬಹುದು.

ಮೊದಲು ಧೂಳು ತೆಗೆಯಿರಿ

ಗದಗ, ನವಲಗುಂದ ಕಡೆಯ ಎರೆ ಭೂಮಿಯ ಧೂಳು ಬೇಸಿಗೆಯಲ್ಲಿ ಕಿಟಕಿ ಮುಚ್ಚಿದರೂ ಮನೆಯೊಳಗೆ ಬರುತ್ತದೆ. ಸ್ಕ್ರೀನ್ ಮೇಲೆ ಕೂತ ಒಂದು ಕಣ ಡೆಡ್ ಪಿಕ್ಸೆಲ್‌ನಷ್ಟೇ (ಸತ್ತು ಕಪ್ಪಾದ ಪಿಕ್ಸೆಲ್) ಕಪ್ಪಗೆ, ಅಷ್ಟೇ ಸಣ್ಣದಾಗಿ ಕಾಣುತ್ತದೆ. ಒರೆಸದೆ ಪರೀಕ್ಷೆಗೆ ಕೂತರೆ ಹತ್ತಾರು ಸುಳ್ಳು ಚುಕ್ಕಿ ಕಂಡು ಗಾಬರಿಯಾಗುತ್ತದೆ.

ಸ್ಕ್ರೀನ್ ಆಫ್ ಮಾಡಿ, ಬಿಸಿ ಆರಲು ಐದು ನಿಮಿಷ ಬಿಡಿ. ಚಸ್ಮಾ ಒರೆಸುವ ಮೈಕ್ರೋಫೈಬರ್ ಅರಿವೆಯಿಂದ ಒಂದೇ ದಿಕ್ಕಿಗೆ, ಮೇಲಿಂದ ಕೆಳಗೆ, ಹಗುರಾಗಿ ಒರೆಸಿ. ದುಂಡಗೆ ತಿಕ್ಕಬಾರದು. ಎರೆ ಮಣ್ಣಿನ ಧೂಳಿನಲ್ಲಿ ಸಣ್ಣ ಹರಳುಗಳೂ ಇರುತ್ತವೆ, ತಿಕ್ಕಿದರೆ ಮೇಲಿನ ಪದರಕ್ಕೆ ಗೀರು ಬೀಳುತ್ತದೆ. ಅಂಟಿದ ಕಲೆ ಇದ್ದರೆ ಅರಿವೆಯ ತುದಿಗೆ ಮಾತ್ರ ಡಿಸ್ಟಿಲ್ಡ್ ವಾಟರ್ ಹಚ್ಚಿಕೊಳ್ಳಿ. ಬೋರ್‌ವೆಲ್ ನೀರು ಬೇಡ, ಆರಿದ ಮೇಲೆ ಅದರ ಬಿಳಿ ಉಪ್ಪು ಉಳಿದು ಹೊಸ ಚುಕ್ಕಿಯಾಗುತ್ತದೆ. ಕಿಟಕಿ ಗಾಜು ಒರೆಸುವ ಅಮೋನಿಯಾ ಇರುವ ದ್ರಾವಣವೂ ಬೇಡ. ನೀರನ್ನು ಸ್ಕ್ರೀನ್ ಮೇಲೆ ನೇರ ಸಿಂಪಡಿಸಿದರೆ ಅದು ಕೆಳಗಿನ ಅಂಚಿನಲ್ಲಿ ಇಳಿದು ಒಳಗಿನ ಸರ್ಕಿಟ್ ತಲುಪುತ್ತದೆ. ಪಿಕ್ಸೆಲ್ ನೋಡಲು ಹೋಗಿ ಪ್ಯಾನೆಲ್ಲನ್ನೇ (ಚಿತ್ರ ಮೂಡುವ ಇಡೀ ಗಾಜಿನ ಭಾಗ) ಕಳೆದುಕೊಳ್ಳುವ ದಾರಿ ಅದು.

ಐದು ಬಣ್ಣದ ಪರೀಕ್ಷೆ

ಇದಕ್ಕೆ ಇಂಟರ್ನೆಟ್ ಬೇಕಿಲ್ಲ. ವಿಂಡೋಸ್‌ನ ಪೇಂಟ್ ಸಾಕು. ನಿಮ್ಮ ಸ್ಕ್ರೀನಿನ ಅಳತೆಗೆ ತಕ್ಕ, ಉದಾಹರಣೆಗೆ 1920 x 1080 ಪಿಕ್ಸೆಲ್‌ನ ಖಾಲಿ ಚಿತ್ರ ತೆರೆದು, ಬಕೆಟ್ ಗುರುತಿನಿಂದ ಒಂದೇ ಬಣ್ಣ ತುಂಬಿ ಪಿಎನ್‌ಜಿ ಆಗಿ ಉಳಿಸಿ. ಹೀಗೆ ಐದು ಚಿತ್ರ ಬೇಕು: ಕಪ್ಪು (0, 0, 0), ಬಿಳಿ (255, 255, 255), ಕೆಂಪು (255, 0, 0), ಹಸಿರು (0, 255, 0), ನೀಲಿ (0, 0, 255). ಆವರಣದೊಳಗಿನ ಅಂಕಿಗಳು ಕ್ರಮವಾಗಿ ಕೆಂಪು, ಹಸಿರು, ನೀಲಿಯ ಪ್ರಮಾಣ. ಇವುಗಳನ್ನು ಒಂದು ಪೆನ್‌ಡ್ರೈವಿನಲ್ಲಿ ಹಾಕಿಟ್ಟುಕೊಳ್ಳಿ. ಅಂಗಡಿಯಲ್ಲಿ ಟಿವಿ ನೋಡುವಾಗ, ಹಳೇ ಲ್ಯಾಪ್‌ಟಾಪ್ ಕೊಳ್ಳುವಾಗ ಇದೇ ಪೆನ್‌ಡ್ರೈವ್ ಚುಚ್ಚಿ ಐದಾರು ನಿಮಿಷದಲ್ಲಿ ಕೆಲಸ ಮುಗಿಸಬಹುದು.

1. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರೆಸಲ್ಯೂಶನ್ 'ರೆಕಮೆಂಡೆಡ್' ಎಂದಿರುವುದಕ್ಕೇ ಇರಲಿ. ನೈಟ್ ಲೈಟ್, ಎಚ್‌ಡಿಆರ್, ಕಲರ್ ಫಿಲ್ಟರ್ ಎಲ್ಲ ಆಫ್ ಮಾಡಿ.

2. ಬ್ರೈಟ್‌ನೆಸ್ ಪೂರ್ತಿ ಏರಿಸಿ. ಅರ್ಧ ಬೆಳಕಿನಲ್ಲಿ ಮಂಕಾದ ಸಬ್‌ಪಿಕ್ಸೆಲ್ ತಪ್ಪಿಸಿಕೊಳ್ಳುತ್ತದೆ.

3. ಕೋಣೆಯ ದೀಪ ಆರಿಸಿ, ಪರದೆ ಎಳೆಯಿರಿ. ನಮ್ಮ ಕಡೆಯ ಮಧ್ಯಾಹ್ನದ ಬಿಸಿಲಿನಲ್ಲಿ ಕಪ್ಪು ಪರೀಕ್ಷೆ ಮಾಡಿ ಏನೂ ಪ್ರಯೋಜನವಿಲ್ಲ, ಸಂಜೆಯೇ ಸರಿ.

4. ಚಿತ್ರ ತೆರೆದು ಎಫ್11 ಒತ್ತಿ ಫುಲ್ ಸ್ಕ್ರೀನ್ ಮಾಡಿ. ಮೌಸ್ ಬಾಣ ಮೂಲೆಗೆ ಸರಿಸಿ.

5. ಸ್ಕ್ರೀನನ್ನು ಮನಸ್ಸಿನಲ್ಲೇ ಒಂಬತ್ತು ಚೌಕ ಮಾಡಿಕೊಂಡು ಒಂದೊಂದನ್ನೇ ನೋಡಿ. ಒಂದಡಿ ದೂರ ಸಾಕು. ಅಂಚು, ಮೂಲೆ ಬಿಡಬೇಡಿ. ಒಂದು ಬಣ್ಣಕ್ಕೆ ಒಂದು ನಿಮಿಷ ಕೊಡಿ.

ನೀಲಿ ಚುಕ್ಕಿಗೆ ಮಾತ್ರ ಹೆಚ್ಚು ಹೊತ್ತು ಬೇಕು. ನಮ್ಮ ಕಣ್ಣಿಗೆ ನೀಲಿಯ ಬೆಳಕು ಹಸಿರಿನಷ್ಟು ಪ್ರಖರವಾಗಿ ಕಾಣುವುದಿಲ್ಲ. ಕಪ್ಪಿನ ಮೇಲೆ ಉರಿಯುವ ನೀಲಿ ಸಬ್‌ಪಿಕ್ಸೆಲ್ ಬಹಳ ಸಲ ತಪ್ಪಿಹೋಗುತ್ತದೆ.

ಟಿವಿಯಲ್ಲಿ ಇನ್ನೊಂದು ತೊಡಕಿದೆ. ಲೋಕಲ್ ಡಿಮ್ಮಿಂಗ್ ಇರುವ ಟಿವಿಗೆ ಪೂರ್ತಿ ಕಪ್ಪು ಚಿತ್ರ ಕೊಟ್ಟರೆ ಅದು ಹಿಂದಿನ ದೀಪಗಳನ್ನೇ ಆರಿಸಿಬಿಡುತ್ತದೆ. ಹಿಂದೆ ಬೆಳಕೇ ಇಲ್ಲದಿದ್ದರೆ ಸದಾ ತೆರೆದುಕೊಂಡಿರುವ ಪಿಕ್ಸೆಲ್ ಕಾಣುವುದಾದರೂ ಹೇಗೆ? ಪಿಕ್ಚರ್ ಸೆಟ್ಟಿಂಗಿಗೆ ಹೋಗಿ ಲೋಕಲ್ ಡಿಮ್ಮಿಂಗ್, ಡೈನಾಮಿಕ್ ಕಾಂಟ್ರಾಸ್ಟ್ ಎರಡನ್ನೂ ಆಫ್ ಮಾಡಿದ ಮೇಲೆಯೇ ಕಪ್ಪು ಹಾಕಿ.

ಡೆಲ್ ಲ್ಯಾಪ್‌ಟಾಪ್ ಆದರೆ ಪೆನ್‌ಡ್ರೈವ್ ಕೂಡ ಬೇಕಿಲ್ಲ. ಪವರ್ ಆಫ್ ಇದ್ದಾಗ 'ಡಿ' ಕೀಲಿ ಒತ್ತಿ ಹಿಡಿದು ಪವರ್ ಬಟನ್ ಒತ್ತಿದರೆ ಸ್ಕ್ರೀನ್ ತಾನೇ ಬಣ್ಣಗಳನ್ನು ಒಂದಾದ ಮೇಲೊಂದು ತೋರಿಸುತ್ತದೆ. ಪಾಸ್‌ವರ್ಡ್ ಗೊತ್ತಿಲ್ಲದ, ವಿಂಡೋಸ್ ಇಲ್ಲದ ಹಳೇ ಮಾಲನ್ನೂ ಹೀಗೆ ಪರೀಕ್ಷಿಸಬಹುದು. ಸ್ಯಾಮ್‌ಸಂಗ್ ಮೊಬೈಲಿನಲ್ಲಿ ಡಯಲರ್ ತೆರೆದು *#0*# ಒತ್ತಿದರೆ ಕೆಂಪು, ಹಸಿರು, ನೀಲಿ ಬಟನ್‌ಗಳಿರುವ ಪರೀಕ್ಷಾ ಪುಟ ಬರುತ್ತದೆ.

ಬಣ್ಣ ನೋಡಿ ರೋಗ ಹೇಳುವುದು

ಇಲ್ಲಿ ನಿಧಾನವಾಗಿ ನೋಡಬೇಕು. ಚುಕ್ಕಿ ಕಂಡಿತು ಎಂದಷ್ಟೇ ಬರೆದುಕೊಳ್ಳಬೇಡಿ, ಯಾವ ಹಿನ್ನೆಲೆಯಲ್ಲಿ ಯಾವ ಬಣ್ಣವಾಗಿ ಕಂಡಿತು ಎಂದು ಬರೆದುಕೊಳ್ಳಿ. ಯಾವ ಸಬ್‌ಪಿಕ್ಸೆಲ್ ಕೆಟ್ಟಿದೆ, ಹೇಗೆ ಕೆಟ್ಟಿದೆ ಎಂಬುದನ್ನು ಅದೇ ಹೇಳುತ್ತದೆ.

ಕೆಂಪು ಸಬ್‌ಪಿಕ್ಸೆಲ್ ಆರದೆ ಸಿಕ್ಕಿಕೊಂಡಿದೆ ಎನ್ನಿ. ಕಪ್ಪಿನ ಮೇಲೆ ಅದು ಕೆಂಪು ಚುಕ್ಕಿ. ಹಸಿರು ಹಿನ್ನೆಲೆಯಲ್ಲಿ ಹಸಿರಿನೊಂದಿಗೆ ಬೆರೆತು ಹಳದಿ. ನೀಲಿಯ ಮೇಲೆ ಬೆರೆತು ನೇರಳೆ ಮಿಶ್ರಿತ ಗುಲಾಬಿ. ಬಿಳಿ ಮತ್ತು ಕೆಂಪಿನ ಮೇಲೆ ಕಾಣುವುದೇ ಇಲ್ಲ, ಏಕೆಂದರೆ ಅಲ್ಲಿ ಅದು ಉರಿಯಬೇಕಾದದ್ದೇ. ಅದೇ ಕೆಂಪು ಸಬ್‌ಪಿಕ್ಸೆಲ್ ಸತ್ತಿದ್ದರೆ ಲೆಕ್ಕ ತಿರುಗುಮುರುಗು: ಕೆಂಪಿನ ಮೇಲೆ ಕಪ್ಪು ಚುಕ್ಕಿ, ಬಿಳಿಯ ಮೇಲೆ ಹಸಿರು-ನೀಲಿ ಬೆರೆತ ತಿಳಿಬಣ್ಣ, ಉಳಿದ ಮೂರರಲ್ಲಿ ಏನೂ ಇಲ್ಲ. ಬಿಳಿಯ ಮೇಲೆ ಗುಲಾಬಿ ಚುಕ್ಕಿ ಕಂಡರೆ ಹಸಿರು ಸತ್ತಿದೆ. ಬಿಳಿಯ ಮೇಲೆ ಹಳದಿ ಕಂಡರೆ ನೀಲಿ ಸತ್ತಿದೆ.

ಕಪ್ಪಿನ ಮೇಲೆ ಬೆಳ್ಳಗೆ ಹೊಳೆದರೆ ಮೂರೂ ಆರದೆ ನಿಂತಿವೆ ಎಂದರ್ಥ. ಇದನ್ನು ಹಾಟ್ ಪಿಕ್ಸೆಲ್ ಎನ್ನುತ್ತಾರೆ. ಉಳಿದ ನಾಲ್ಕೂ ಬಣ್ಣದಲ್ಲಿ ಕಪ್ಪಾಗಿಯೇ ಇದ್ದರೆ ಅದು ಪೂರ್ತಿ ಡೆಡ್ ಪಿಕ್ಸೆಲ್. ಬಣ್ಣದ ಚುಕ್ಕಿಯಾಗಿ ಉರಿಯುತ್ತಿರುವುದು ಸ್ಟಕ್ ಪಿಕ್ಸೆಲ್. ಈ ಮೂರರಲ್ಲಿ ಮನೆಯ ಪ್ರಯತ್ನಕ್ಕೆ ಬಗ್ಗುವ ಸಾಧ್ಯತೆ ಇರುವುದು ಸ್ಟಕ್ ಪಿಕ್ಸೆಲ್‌ಗೆ ಮಾತ್ರ. ಅದರ ಸ್ವಿಚ್‌ಗೆ ಕರೆಂಟ್ ತಲುಪುತ್ತಿದೆ, ಬದಲಾಗುತ್ತಿಲ್ಲ ಅಷ್ಟೇ. ಕಪ್ಪಾದದ್ದರಲ್ಲಿ ಬಹುತೇಕ ಟ್ರಾನ್ಸಿಸ್ಟರೇ ಸತ್ತಿರುತ್ತದೆ. ಅದಕ್ಕೆ ಯಾವ ಸಾಫ್ಟ್‌ವೇರೂ ಜೀವ ತುಂಬುವುದಿಲ್ಲ.

ಪ್ಯಾನೆಲ್‌ನ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಐಪಿಎಸ್ ಮತ್ತು ವಿಎ ಪ್ಯಾನೆಲ್‌ಗಳಲ್ಲಿ ವೋಲ್ಟೇಜ್ ಇಲ್ಲದಾಗ ಬೆಳಕು ದಾಟುವುದಿಲ್ಲ, ಹಾಗಾಗಿ ಟ್ರಾನ್ಸಿಸ್ಟರ್ ಸತ್ತರೆ ಕಪ್ಪು ಚುಕ್ಕಿ. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಬರುವ ಟಿಎನ್ ಪ್ಯಾನೆಲ್‌ನಲ್ಲಿ ವೋಲ್ಟೇಜ್ ಇಲ್ಲದಾಗಲೇ ಬೆಳಕು ದಾಟುತ್ತದೆ. ಅಲ್ಲಿ ಸತ್ತ ಪಿಕ್ಸೆಲ್ ಹೊಳೆಯುವ ಚುಕ್ಕಿಯಾಗಿ ಕಾಣಬಹುದು. ಟಿಎನ್ ಪ್ಯಾನೆಲ್‌ನ ಹೊಳೆಯುವ ಚುಕ್ಕಿ ಎಷ್ಟು ಪ್ರಯತ್ನಿಸಿದರೂ ಜಗ್ಗದಿರುವುದಕ್ಕೆ ಇದೂ ಒಂದು ಕಾರಣ.

ಅನುಮಾನ ಉಳಿದರೆ ಭೂತಗನ್ನಡಿ ಹಿಡಿಯಿರಿ. ಮುದ್ರಣಕ್ಕೆ ಹೆಸರಾದ ಗದಗದಲ್ಲಿ ಆಫ್‌ಸೆಟ್ ಪ್ರೆಸ್‌ನವರು ಬಣ್ಣದ ಚುಕ್ಕಿ ಕೂತದ್ದು ನೋಡಲು ಬಳಸುವ ಸಣ್ಣ ಮಡಚುವ ಭೂತಗನ್ನಡಿ ಇದಕ್ಕೆ ಹೇಳಿಮಾಡಿಸಿದ್ದು. ಸರಾಫರ 10 ಪಟ್ಟಿನದೂ ನಡೆಯುತ್ತದೆ. ಬಿಳಿ ಹಿನ್ನೆಲೆಯ ಮೇಲೆ ಹಿಡಿದರೆ ಬಿಳಿ ಮಾಯವಾಗಿ ಕೆಂಪು, ಹಸಿರು, ನೀಲಿ ಕಡ್ಡಿಗಳು ಸಾಲಾಗಿ ನಿಂತದ್ದು ಕಾಣುತ್ತದೆ. ಕೆಟ್ಟ ಜಾಗದಲ್ಲಿ ಒಂದು ಕಡ್ಡಿ ಮಾತ್ರ ಆರಿರುತ್ತದೆ, ಪಕ್ಕದವು ಎಂದಿನಂತೆ ಉರಿಯುತ್ತಿರುತ್ತವೆ. ಅಂಚು ಚೌಕವಾಗಿ, ಕತ್ತರಿಸಿದಂತೆ ಇದ್ದರೆ ಪಿಕ್ಸೆಲ್. ಅಂಚು ಮಸುಕಾಗಿದ್ದು, ಎರಡು ಮೂರು ಪಿಕ್ಸೆಲ್ ಮೇಲೆ ಅರ್ಧರ್ಧ ಹರಡಿದ್ದರೆ ಅದು ಬೇರೆ ಏನೋ.

ಪಿಕ್ಸೆಲ್ ಅಲ್ಲದ ಚುಕ್ಕಿಗಳು

ಆ 'ಬೇರೆ ಏನೋ' ಹಲವು ಬಗೆ. ಪ್ಯಾನೆಲ್ ಹಿಂದಿನ ಹಾಳೆಗಳ ನಡುವೆ ಸೇರಿದ ಧೂಳು ಬಿಳಿಯ ಮೇಲೆ ಬೂದು ಮಸುಕಾಗಿ ಕಾಣುತ್ತದೆ. ತಲೆ ಅತ್ತಿತ್ತ ಸರಿಸಿ ನೋಡಿ: ಪಿಕ್ಸೆಲ್ ಆದರೆ ಅಲ್ಲೇ ಇರುತ್ತದೆ, ಹಿಂದಿನ ಧೂಳು ಆದರೆ ಅಕ್ಷರಗಳ ಹಿಂದೆ ತುಸು ಜರುಗಿದಂತೆ ಕಾಣುತ್ತದೆ.

ಮಳೆಗಾಲದಲ್ಲಿ ಧಾರವಾಡದ ಮನೆಗಳಲ್ಲಿ ದೀಪಕ್ಕೆ ಮುತ್ತುವ ಸಣ್ಣ ಹುಳಗಳಲ್ಲಿ ಒಂದೊಂದು ಮಾನಿಟರಿನ ಗಾಳಿಕಿಂಡಿಯಿಂದ ಒಳಗೆ ನುಸುಳಿ ಪ್ಯಾನೆಲ್ ಹಿಂದೆ ಓಡಾಡುತ್ತವೆ. ಚುಕ್ಕಿ ನಿನ್ನೆ ಇದ್ದಲ್ಲಿ ಇಂದು ಇಲ್ಲವೆಂದರೆ ಅದು ಹುಳವೇ. ದಯವಿಟ್ಟು ಒತ್ತಬೇಡಿ. ಒತ್ತಿದರೆ ಅಲ್ಲೇ ಜಜ್ಜಿಹೋಗಿ ಕಾಯಂ ಕಲೆಯಾಗುತ್ತದೆ, ಆಮೇಲೆ ಪ್ಯಾನೆಲ್ ಬಿಚ್ಚದೆ ತೆಗೆಯಲಾಗದು. ಮಾನಿಟರ್ ಆಫ್ ಮಾಡಿ, ಕೋಣೆ ಕತ್ತಲು ಮಾಡಿ, ಅಂಚಿನ ಹತ್ತಿರ ಒಂದು ಟೇಬಲ್ ಲ್ಯಾಂಪ್ ಹಚ್ಚಿಡಿ. ಬೆಳಕಿಗೆ ಬಂದ ಹುಳ ಬೆಳಕಿನ ಕಡೆಗೇ ಹೊರಬರುವ ಅವಕಾಶವಿದೆ.

ಕಪ್ಪು ಪರೀಕ್ಷೆಯಲ್ಲಿ ಮೂಲೆಗಳಲ್ಲಿ ಕಾಣುವ ಹಳದಿ ಬೆಳಕು ಹಿಂದಿನ ದೀಪದ ಸೋರಿಕೆ. ಎಲ್‌ಇಡಿ ಟಿವಿಯಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಬೆಳ್ಳನೆ ದುಂಡು ಕಲೆಗಳು ಬಂದರೆ ಒಳಗಿನ ಎಲ್‌ಇಡಿ ಮೇಲಿನ ಪ್ಲಾಸ್ಟಿಕ್ ಲೆನ್ಸ್ ಅಂಟು ಬಿಟ್ಟು ಉದುರಿದೆ. ಅದನ್ನು ಮೆಕ್ಯಾನಿಕ್ ಟಿವಿ ಬಿಚ್ಚಿ ಮತ್ತೆ ಅಂಟಿಸಬಲ್ಲರು, ಪ್ಯಾನೆಲ್ ಬದಲಿಸಬೇಕಿಲ್ಲ. ಮೇಲಿಂದ ಕೆಳಗಿನವರೆಗೆ ಒಂದೇ ಗೆರೆ ಬಂದರೆ ಪ್ಯಾನೆಲ್ ಅಂಚಿನ ರಿಬ್ಬನ್ ಜೋಡಣೆ ಬಿಟ್ಟಿರುವ ಲಕ್ಷಣ, ಅದು ಬಾಂಡಿಂಗ್ ಮಷಿನ್ (ರಿಬ್ಬನ್ ಮತ್ತೆ ಜೋಡಿಸುವ ಯಂತ್ರ) ಇರುವವರ ಕೆಲಸ. ಲ್ಯಾಪ್‌ಟಾಪಿನಲ್ಲಿ ಬೆರಳಚ್ಚಿನಷ್ಟು ಬೆಳ್ಳನೆ ಮಸುಕು ಇದ್ದರೆ ಬ್ಯಾಗಿನಲ್ಲಿ ಪುಸ್ತಕಗಳ ಒತ್ತಡ ಬಿದ್ದಿದೆ ಎಂದರ್ಥ. ದಿನಾ ಬಸ್ಸಿನಲ್ಲಿ ಓಡಾಡುವವರ ಹಳೇ ಲ್ಯಾಪ್‌ಟಾಪ್ ಕೊಳ್ಳುವಾಗ ಇದನ್ನು ವಿಶೇಷವಾಗಿ ನೋಡಿ.

ದೋಷ ಸ್ಕ್ರೀನಿನದೇ, ಕಂಪ್ಯೂಟರಿನದೇ ಎಂಬುದಕ್ಕೆ ಸ್ಕ್ರೀನ್‌ಶಾಟ್ ಪರೀಕ್ಷೆ ಸಾಕು. ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿಗೆ ಕಳಿಸಿ, ಹಿಗ್ಗಿಸಿ ನೋಡಿ. ಅಲ್ಲೂ ಚುಕ್ಕಿ ಇದ್ದರೆ ತಪ್ಪು ಗ್ರಾಫಿಕ್ಸ್ ಕಾರ್ಡ್, ಡ್ರೈವರ್ ಅಥವಾ ಆ ಚಿತ್ರದ್ದೇ. ಮದುವೆ ಆಲ್ಬಮ್ ಮಾಡುವ ಸ್ಟುಡಿಯೋದವರಿಗೆ ಇದು ಬಹಳ ಬೇಕು, ಏಕೆಂದರೆ ಕ್ಯಾಮೆರಾ ಸೆನ್ಸರಿನಲ್ಲೂ ಹಾಟ್ ಪಿಕ್ಸೆಲ್ ಬರುತ್ತದೆ. ಫೋಟೊವನ್ನು ಸ್ಕ್ರೀನ್ ಮೇಲೆ ಸರಿಸಿದಾಗ ಚುಕ್ಕಿಯೂ ಜೊತೆಗೆ ಸರಿದರೆ ಅದು ಫೋಟೊದಲ್ಲಿದೆ, ನಿಂತಲ್ಲೇ ನಿಂತರೆ ಸ್ಕ್ರೀನಿನಲ್ಲಿದೆ. ಇದನ್ನು ನೋಡದೆ ವಧುವಿನ ಹಣೆಯ ಮೇಲೆ ಇಲ್ಲದ ಕಲೆಯನ್ನು ಅಳಿಸುತ್ತ ಕೂರಬಾರದು.

ಸಾಕ್ಷ್ಯ ಮತ್ತು ಬದಲಿ

ಚುಕ್ಕಿ ಪಕ್ಕಾ ಪಿಕ್ಸೆಲ್ ದೋಷವೇ ಎಂದಾದ ತಕ್ಷಣ ಸಾಕ್ಷ್ಯ ಮಾಡಿಕೊಳ್ಳಿ. ಮೊಬೈಲನ್ನು 10-15 ಸೆಂಟಿಮೀಟರ್ ದೂರ ಹಿಡಿದು, ಮೊಬೈಲಿನಲ್ಲಿ ಕಾಣುವ ಚುಕ್ಕಿಯ ಮೇಲೆ ಬೆರಳಿಟ್ಟು ಫೋಕಸ್ ಮಾಡಿ, ಬೆಳಕಿನ ಗುರುತನ್ನು ಕೆಳಗೆಳೆದು ಫೋಟೊ ತೆಗೆಯಿರಿ. ಫೋಟೊದಲ್ಲಿ ಅಲೆ ಅಲೆ ಗೆರೆ ಬಂದರೆ ಚಿಂತೆ ಬೇಡ. ಅದು ಕ್ಯಾಮೆರಾ ಮತ್ತು ಸ್ಕ್ರೀನಿನ ಜಾಲರಿ ಒಂದರ ಮೇಲೊಂದು ಬೀಳುವುದರಿಂದ ಆಗುವುದು, ಮೊಬೈಲನ್ನು ತುಸು ವಾಲಿಸಿದರೆ ಕಡಿಮೆಯಾಗುತ್ತದೆ. ಜೊತೆಗೆ ಒಂದು ವಿಡಿಯೊ ಬೇಕು: ಡಬ್ಬಿಯ ಮೇಲಿನ ಸೀರಿಯಲ್ ನಂಬರ್, ಮಾನಿಟರ್ ಹಿಂದಿನ ಸೀರಿಯಲ್ ನಂಬರ್, ಆಮೇಲೆ ಐದೂ ಬಣ್ಣ, ನಡುವೆ ಎಲ್ಲೂ ಕತ್ತರಿಸದೆ.

ಆನ್‌ಲೈನ್ ಖರೀದಿಯಾದರೆ ಹಿಂದಿರುಗಿಸುವ ಅವಧಿ ಎಷ್ಟು ದಿನ, ದುಡ್ಡು ವಾಪಸ್ ಬರುತ್ತದೋ ಬರೀ ಬದಲಿ ಮಾಲೋ ಎಂದು ಆರ್ಡರ್ ಪುಟದಲ್ಲೇ ನೋಡಿ, ಆ ಅವಧಿಯೊಳಗೇ ಅರ್ಜಿ ಹಾಕಿ. ಆ ಅವಧಿಯಲ್ಲಿ ಕಾರಣ ಒಪ್ಪಿಸುವುದು ಸುಲಭ. ಅದು ಮುಗಿದ ಮೇಲೆ ಕಂಪನಿಯ ವಾರಂಟಿ ನಿಯಮ ಬರುತ್ತದೆ, ಮತ್ತು ಅಲ್ಲಿ ಲೆಕ್ಕವೇ ಬೇರೆ.

ಆ ಲೆಕ್ಕಕ್ಕೆ ಬುನಾದಿ 2001ರ ಐಎಸ್‌ಒ 13406-2 ಎಂಬ ಅಂತರರಾಷ್ಟ್ರೀಯ ಮಾನದಂಡ. ಅದರ ಎರಡನೇ ದರ್ಜೆಯ ಪ್ಯಾನೆಲ್‌ನಲ್ಲಿ ಪ್ರತಿ 10 ಲಕ್ಷ ಪಿಕ್ಸೆಲ್‌ಗೆ ಸದಾ ಉರಿಯುವ 2, ಸದಾ ಕಪ್ಪಾದ 2, ಸಬ್‌ಪಿಕ್ಸೆಲ್ ದೋಷ 5 ಇದ್ದರೂ ನಡೆಯುತ್ತಿತ್ತು. ಫುಲ್ ಎಚ್‌ಡಿಗೆ ಇದನ್ನು ಹಿಗ್ಗಿಸಿದರೆ 4, 4 ಮತ್ತು 10. 2008ರಲ್ಲಿ ಇದರ ಜಾಗಕ್ಕೆ ಐಎಸ್‌ಒ 9241-307 ಬಂತು. ಹಲವು ಕಂಪನಿಗಳು ಈ ಬಗೆಯ ಲೆಕ್ಕವನ್ನೇ ಇಟ್ಟುಕೊಂಡು 'ಇಷ್ಟರೊಳಗೆ ಇದ್ದರೆ ದೋಷವಲ್ಲ' ಎನ್ನುತ್ತವೆ. ಇನ್ನು ಕೆಲವು ದುಬಾರಿ ಮಾದರಿಗಳಿಗೆ ಹೊಳೆಯುವ ಪಿಕ್ಸೆಲ್ ಒಂದಿದ್ದರೂ ಬದಲಿಸುವ ಭರವಸೆ ಇರುತ್ತದೆ. ಕೊಳ್ಳುವ ಮೊದಲೇ ವಾರಂಟಿ ಕಾರ್ಡಿನಲ್ಲಿ ಪಿಕ್ಸೆಲ್ ಬಗ್ಗೆ ಏನು ಬರೆದಿದೆ ಎಂದು ಓದುವುದು ಆಮೇಲೆ ಜಗಳ ಮಾಡುವುದಕ್ಕಿಂತ ಹಗುರ.

ಅಂಗಡಿಯಲ್ಲಿ ಕೊಳ್ಳುವಾಗ 'ಒಂದ್ ಚುಕ್ಕಿ ಇದ್ರ ಏನಾಗ್ತದ್ರೀ, ಕಣ್ಣಿಗಿ ಕಾಣಂಗಿಲ್ಲ' ಎಂಬ ಮಾತು ಬರಬಹುದು. 'ಹಂಗಾರ ಮೂರು ದಿನದಾಗ ಚುಕ್ಕಿ ಕಂಡ್ರ ಬದಲ ಮಾಡಿ ಕೊಡ್ತೀವಿ ಅಂತ ಬಿಲ್ಲಿನ ಮ್ಯಾಲೆ ಬರದು ಕೊಡ್ರಿ' ಎಂದು ಕೇಳಿ. ಬರೆದುಕೊಡುವವರು ಸಿಗುತ್ತಾರೆ. ಜಿಎಸ್‌ಟಿ ಬಿಲ್ ಇಲ್ಲದೆ ಮಾತ್ರ ಕೊಳ್ಳಬೇಡಿ. ವಾರಂಟಿ ನಿಯಮದ ಪ್ರಕಾರ ಬದಲಿ ಕೊಡಬೇಕಾದವರು ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದಕ್ಕೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಅಲ್ಲಿ ಶುಲ್ಕವಿಲ್ಲ.

ಸ್ಟಕ್ ಪಿಕ್ಸೆಲ್ ಬಿಡಿಸುವುದು

ಬದಲಿ ಸಿಗುವುದಿಲ್ಲ, ವಾರಂಟಿ ಮುಗಿದಿದೆ, ಚುಕ್ಕಿ ಬಣ್ಣದ್ದು. ಈ ಮೂರೂ ಸೇರಿದರೆ ಮುಂದುವರಿಯಿರಿ.

ಮೊದಲು ಏನೂ ಮಾಡಬೇಡಿ. ಪ್ಲಗ್ ಕಿತ್ತು ಒಂದು ರಾತ್ರಿ ಬಿಡಿ. ಕೆಲವು ಸ್ಟಕ್ ಪಿಕ್ಸೆಲ್‌ಗಳು ಇಷ್ಟಕ್ಕೇ ಸರಿಹೋಗುತ್ತವೆ.

ಹೋಗದಿದ್ದರೆ ಬಣ್ಣ ಮಿನುಗಿಸುವ ವಿಧಾನ. ಜೆಸ್ಕ್ರೀನ್‌ಫಿಕ್ಸ್ ಎಂಬ ವೆಬ್ ಪುಟ ಬ್ರೌಸರಿನಲ್ಲೇ ನಡೆಯುತ್ತದೆ, ಯುಡಿಪಿಕ್ಸೆಲ್ ವಿಂಡೋಸ್‌ಗೆ ಸಿಗುವ ಉಚಿತ ಸಾಫ್ಟ್‌ವೇರ್. ಎರಡೂ ಒಂದು ಸಣ್ಣ ಚೌಕದಲ್ಲಿ ಬಣ್ಣಗಳನ್ನು ಬಹಳ ವೇಗವಾಗಿ ಬದಲಿಸುತ್ತವೆ. ಆ ಚೌಕವನ್ನು ಎಳೆದು ಚುಕ್ಕಿಯ ಮೇಲೆ ಸರಿಯಾಗಿ ಕೂರಿಸಿ. ಸೆಕೆಂಡಿಗೆ ಹತ್ತಾರು ಬಾರಿ ವೋಲ್ಟೇಜ್ ಏರಿಳಿದಾಗ ಒಂದೇ ಸ್ಥಿತಿಯಲ್ಲಿ ನಿಂತ ಸಬ್‌ಪಿಕ್ಸೆಲ್ ಮತ್ತೆ ಸ್ಪಂದಿಸಲು ಶುರುಮಾಡಬಹುದು. ಹತ್ತು ನಿಮಿಷ ನಡೆಸಿ ಕಪ್ಪು ಚಿತ್ರ ಹಾಕಿ ನೋಡಿ. ಮಂಕಾಗಿದ್ದರೆ ಅಥವಾ ಆಗಾಗ ಆರುತ್ತಿದ್ದರೆ ಒಳ್ಳೆಯ ಲಕ್ಷಣ, ಇನ್ನೊಂದೆರಡು ಗಂಟೆ ನಡೆಸಿ. ಏನೂ ಬದಲಾಗದಿದ್ದರೆ ಮಾರನೇ ದಿನ ಮತ್ತೊಮ್ಮೆ ಪ್ರಯತ್ನಿಸಿ ಕೈಬಿಡಿ.

ಇಲ್ಲಿ ಮೂರು ಎಚ್ಚರಿಕೆ. ಮೂರ್ಛೆರೋಗ ಇರುವವರು ಆ ಮಿನುಗನ್ನು ನೋಡಲೇಬಾರದು. ಮನೆಯಲ್ಲಿ ಮಕ್ಕಳಿದ್ದರೆ ಸ್ಕ್ರೀನಿಗೆ ಒಂದು ಅರಿವೆ ಇಳಿಬಿಟ್ಟು ಕೋಣೆ ಬಾಗಿಲು ಹಾಕಿ. ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಮತ್ತು ಸ್ಕ್ರೀನ್ ಆಫ್ ಎರಡನ್ನೂ 'ನೆವರ್' ಮಾಡಿ, ಇಲ್ಲದಿದ್ದರೆ ಹತ್ತು ನಿಮಿಷಕ್ಕೆ ಸ್ಕ್ರೀನ್ ಆರಿ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಮೂರನೆಯದು ಓಎಲ್‌ಇಡಿ ಬಗ್ಗೆ. ಅಂಥ ಟಿವಿ, ಮೊಬೈಲಿಗೆ ಇದನ್ನು ಗಂಟೆಗಟ್ಟಲೆ ಹಚ್ಚಬೇಡಿ. ಅಲ್ಲಿ ಪಿಕ್ಸೆಲ್ ತಾನೇ ಬೆಳಗುತ್ತದೆ, ಬೆಳಗಿದಷ್ಟೂ ಸವೆಯುತ್ತದೆ. ಒಂದೇ ಚೌಕವನ್ನು ಸವೆಸಿದರೆ ಅಲ್ಲಿ ಕಾಯಂ ಮಂಕು ಉಳಿಯುತ್ತದೆ. ಓಎಲ್‌ಇಡಿ ಟಿವಿಯ ಮೆನುವಿನಲ್ಲಿ ಪಿಕ್ಸೆಲ್ ರಿಫ್ರೆಶ್ ಅಥವಾ ಪ್ಯಾನೆಲ್ ಕೇರ್ ಎಂಬ ಆಯ್ಕೆ ಇದ್ದರೆ ಅದನ್ನಷ್ಟೇ ಬಳಸಿ. ಅದು ನಡೆಯುವಾಗ ಪ್ಲಗ್ ಕೀಳಬಾರದು, ಆದ್ದರಿಂದ ಕರೆಂಟ್ ಹೋಗುವ ಹೊತ್ತು ತಪ್ಪಿಸಿ.

ಒತ್ತುವ ವಿಧಾನ: ಕೊನೆಯದು

ಎಲ್‌ಸಿಡಿಯಲ್ಲಿ ಎರಡು ಗಾಜುಗಳ ನಡುವಿನ ಅಂತರ ಸಾಮಾನ್ಯವಾಗಿ 3ರಿಂದ 5 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನ ಇನ್ನೂರನೇ ಒಂದು ಭಾಗಕ್ಕಿಂತ ಹೆಚ್ಚಿಲ್ಲ. ಆ ಸಂದಿಯಲ್ಲಿ ಬೆಳಕನ್ನು ತಡೆಯುವ, ಬಿಡುವ ದ್ರವ ಹರಳು (ಲಿಕ್ವಿಡ್ ಕ್ರಿಸ್ಟಲ್), ಗಾಜುಗಳು ಕೂಡದಂತೆ ಹಿಡಿದಿಡುವ ಸಣ್ಣ ಆಧಾರಗಳು ಇರುತ್ತವೆ. ಹಗುರಾಗಿ ಒತ್ತಿದಾಗ ದ್ರವ ಸರಿದು ಸಿಕ್ಕಿಕೊಂಡದ್ದು ಬಿಡಬಹುದು. ಜೋರಾಗಿ ಒತ್ತಿದರೆ ಆಧಾರಗಳೇ ಮುರಿದು ಬೆರಳಿನಷ್ಟು ಅಗಲದ ಕಲೆ ಬೀಳುತ್ತದೆ. ಒಂದು ಚುಕ್ಕಿ ತೆಗೆಯಲು ಹೋಗಿ ಇಪ್ಪತ್ತು ಮಾಡಿಕೊಳ್ಳುವುದು ಹೀಗೆಯೇ.

ಟಚ್ ಸ್ಕ್ರೀನ್, ಮೊಬೈಲ್, ಓಎಲ್‌ಇಡಿ, ಬಾಗಿದ ಮಾನಿಟರ್ ಇವುಗಳಿಗೆ ಈ ವಿಧಾನ ಬೇಡವೇ ಬೇಡ. ಸಾದಾ ಮಾನಿಟರ್, ಲ್ಯಾಪ್‌ಟಾಪಿಗೆ ಮಾತ್ರ, ಅದೂ ಚುಕ್ಕಿ ಸ್ಕ್ರೀನಿನ ನಡುವೆ ಇದ್ದು ಕೆಲಸಕ್ಕೆ ಅಡ್ಡಿಯಾಗುತ್ತಿದ್ದರೆ. ಮೂಲೆಯ ಚುಕ್ಕಿಗಾಗಿ ಈ ಅಪಾಯ ತೆಗೆದುಕೊಳ್ಳುವುದು ಸರಿಯಲ್ಲ.

ಕಪ್ಪು ಚಿತ್ರ ಹಾಕಿ ಚುಕ್ಕಿಯ ಜಾಗ ಪಕ್ಕಾ ಮಾಡಿಕೊಳ್ಳಿ. ಅಂಟುವ ಸಣ್ಣ ಕಾಗದದ ಚೀಟಿಯ ಮೂಲೆ ಚುಕ್ಕಿಯ ಪಕ್ಕಕ್ಕೆ ಬರುವಂತೆ ಹಚ್ಚಿದರೆ ಸ್ಕ್ರೀನ್ ಆರಿದ ಮೇಲೂ ಜಾಗ ಸಿಗುತ್ತದೆ. ಸ್ಕ್ರೀನ್ ಆಫ್ ಮಾಡಿ. ಮೈಕ್ರೋಫೈಬರ್ ಅರಿವೆಯನ್ನು ನಾಲ್ಕು ಮಡಿಕೆ ಮಾಡಿ ಚುಕ್ಕಿಯ ಮೇಲಿಟ್ಟು, ಪೆನ್ಸಿಲಿನ ಹಿಂಬದಿಯ ರಬ್ಬರಿನಂಥ ಮೊಂಡು ತುದಿಯಿಂದ ಒತ್ತಿ. ಪೆನ್ನಿನ ಮೊನೆ, ಉಗುರು ಬೇಡ. ಎಷ್ಟು ಒತ್ತಬೇಕು ಎಂದರೆ, ಸ್ಕ್ರೀನ್ ಆನ್ ಇದ್ದಾಗ ಅದೇ ಒತ್ತಡಕ್ಕೆ ಸುತ್ತ ಸಣ್ಣ ಬೆಳ್ಳನೆ ಉಂಗುರ ಮೂಡಿ ಕೈ ತೆಗೆದೊಡನೆ ಮಾಯವಾಗಬೇಕು, ಅದಕ್ಕಿಂತ ಹೆಚ್ಚಲ್ಲ. ಐದರಿಂದ ಹತ್ತು ಸೆಕೆಂಡ್ ಒತ್ತಿ ಹಿಡಿದಂತೆಯೇ ಸ್ಕ್ರೀನ್ ಆನ್ ಮಾಡಿ, ಆಮೇಲೆ ನಿಧಾನವಾಗಿ ಕೈ ತೆಗೆಯಿರಿ. ಎರಡು ಸಲ ಮಾಡಿ ನೋಡಿ. ಹೋಗದಿದ್ದರೆ ನಿಲ್ಲಿಸಿ. ಹೇರ್ ಡ್ರೈಯರ್ ಹಿಡಿಯುವುದು, ಬಿಸಿನೀರಿನ ಅರಿವೆ ಇಡುವುದು ಮುಂತಾದ ಸಲಹೆಗಳು ಓಡಾಡುತ್ತವೆ. ಬಿಸಿಯಿಂದ ಗಾಜಿಗೆ ಅಂಟಿಸಿರುವ ಪೋಲರೈಸರ್ ಹಾಳೆ ಉಬ್ಬಿದರೆ ಅದು ಮತ್ತೆ ಕೂರುವುದಿಲ್ಲ, ಆ ದಾರಿ ಹಿಡಿಯಬೇಡಿ.

ಯಾವುದಕ್ಕೂ ಬಗ್ಗದಿದ್ದರೆ

ಮಾನಿಟರ್, ಟಿವಿಯ ಪ್ಯಾನೆಲ್ ಬೆಲೆ ಹೊಸದರ ಬೆಲೆಗೆ ಹತ್ತಿರ ಬರುವುದರಿಂದ ಒಂದು ಪಿಕ್ಸೆಲ್‌ಗಾಗಿ ಬದಲಿಸುವುದು ಲಾಭವಲ್ಲ. ಕಪ್ಪು ಚುಕ್ಕಿ ಮೇಲಂಚಿನ ಹತ್ತಿರ ಇದ್ದರೆ ಅದು ಕೆಳಗೆ ಬರುವಂತೆ ಮಾನಿಟರನ್ನು ತಲೆಕೆಳಗು ಮಾಡಿ ಸ್ಟ್ಯಾಂಡಿಗೆ ಕೂಡಿಸಿ, ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 180 ಡಿಗ್ರಿ ತಿರುಗಿಸಿಕೊಳ್ಳಬಹುದು. ಮೇಲಿದ್ದ ಚುಕ್ಕಿ ಹೀಗೆ ಟಾಸ್ಕ್‌ಬಾರ್ ಕಡೆಗೆ ಹೋಗುತ್ತದೆ.

ಲ್ಯಾಪ್‌ಟಾಪ್ ಪ್ಯಾನೆಲ್ ಬದಲಿಸುವುದು ಮಾತ್ರ ಯೋಚಿಸಬಹುದಾದ ಖರ್ಚು. ಹುಬ್ಬಳ್ಳಿಯಲ್ಲಾಗಲಿ, ಹಾವೇರಿಯಲ್ಲಾಗಲಿ ರಿಪೇರಿಗೆ ಕೊಡುವಾಗ ಹಳೇ ಪ್ಯಾನೆಲ್ ಬಿಚ್ಚಿಸಿ ಅದರ ಬೆನ್ನಿನ ಮೇಲಿರುವ ಮಾದರಿ ಸಂಖ್ಯೆಯ ಫೋಟೊ ತೆಗೆದುಕೊಳ್ಳಿ. ಕೇಬಲ್ 30 ಪಿನ್ನಿನದೋ 40 ಪಿನ್ನಿನದೋ, ರೆಸಲ್ಯೂಶನ್ ಎಷ್ಟು, ಐಪಿಎಸ್ಸೋ ಟಿಎನ್ನೋ ಎಂಬ ಮೂರೂ ಹೊಂದಬೇಕು. ಐಪಿಎಸ್ ಇದ್ದಲ್ಲಿ ಅಗ್ಗದ ಟಿಎನ್ ಕೂಡಿಸಿದರೆ ಪಕ್ಕದಿಂದ ನೋಡಿದಾಗ ಬಣ್ಣ ತಿರುಗುತ್ತದೆ. ಹೊಸ ಪ್ಯಾನೆಲ್ಲಿಗೆ ಕೇಬಲ್ ಚುಚ್ಚಿ, ಸುತ್ತಲಿನ ಚೌಕಟ್ಟು ಅಂಟಿಸುವ ಮೊದಲೇ ಅಲ್ಲೇ ನಿಂತು ಪೆನ್‌ಡ್ರೈವಿನ ಐದೂ ಬಣ್ಣ ಹಾಕಿಸಿ ನೋಡಿ. ಅಂಟಿನ ಪಟ್ಟಿ ಹಚ್ಚಿ ಕೂಡಿಸಿದ ಮೇಲೆ ಮತ್ತೆ ಬಿಚ್ಚುವಾಗ ಪ್ಯಾನೆಲ್ ಒಡೆದರೆ ಯಾರ ತಪ್ಪು ಎಂಬ ಮಾತು ಏಳುತ್ತದೆ. ಚುಕ್ಕಿ ಇಲ್ಲವೆಂದು ಖಾತ್ರಿಯಾದರೆ ಹೊಸ ಪ್ಯಾನೆಲ್‌ನ ಮಾದರಿ ಸಂಖ್ಯೆ, ವಾರಂಟಿ ತಿಂಗಳು ಎರಡನ್ನೂ ಬಿಲ್ಲಿನಲ್ಲಿ ಬರೆಸಿಕೊಂಡು ದುಡ್ಡು ಕೊಡಿ.